ಪಂಜರದ ತಟ್ಟೆಗೆ ಏನನ್ನು ಹಾಸಬೇಕು?

ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡುತ್ತೇನೆಂದು ಒಪ್ಪಿಕೊಂಡಾಗ ಗೆಳೆಯರು ವಿಷಯವೇನೆಂದು ಕೇಳಿದರು. “ಪಂಜರದ ತಳದ ತಟ್ಟೆಗೆ ಏನನ್ನು ಹಾಸಬೇಕು ಎಂಬುದು” ಎಂದೆ. ಎಲ್ಲರೂ ನಕ್ಕುಬಿಟ್ಟರು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ತರಗತಿಯವನಿಗೆ ಇದೆಂಥ ವಿಷಯವೆಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ವರ್ಷಗಳಿಂದ, ಬೆಳಗ್ಗೆ ತರಗತಿ ಆರಂಭವಾಗುವ ಮುನ್ನ ಒಂದು ತಾಸು, ಸಂಜೆ ಮತ್ತೆ ಎರಡು ತಾಸು, ನಾನು ಊರಿನ ಸಾಕುಪ್ರಾಣಿಗಳ ಅಂಗಡಿಯೊಂದರಲ್ಲಿ ಪಂಜರ ತೊಳೆಯುವ ಕೆಲಸ ಮಾಡುತ್ತಿದ್ದೇನೆ. ಹಾಸ್ಟೆಲಿನ ಖರ್ಚು ಅದರಿಂದ ಸಾಗುತ್ತದೆ. ಗಿಳಿ, ಮೊಲ, ಬಿಳಿ ಇಲಿ, ಮೀನು ಇವುಗಳ ಜೊತೆಗೆ ಆ ಅಂಗಡಿಯಲ್ಲಿ ಶುಗರ್ ಗ್ಲೈಡರ್ ಎಂಬ ಪ್ರಾಣಿಗಳೂ ಇವೆ. ಅವುಗಳ ತಟ್ಟೆಯ ವಿಚಾರದಲ್ಲಿ ನಾವು ಒಮ್ಮೆ ತಪ್ಪು ಮಾಡಿದೆವು. ಆ ತಪ್ಪೇ ಈ ಲೇಖನಕ್ಕೆ ಕಾರಣ.

ಈ ಪ್ರಾಣಿಯನ್ನು ಕಾಣದವರಿಗಾಗಿ ಮೊದಲು ನಾಲ್ಕು ಮಾತು. ಮೇಲುನೋಟಕ್ಕೆ ಅದು ಬೂದುಬಣ್ಣದ ಒಂದು ಪುಟ್ಟ ಅಳಿಲು. ಬೆನ್ನಿನ ಮೇಲೆ ಕಪ್ಪು ಪಟ್ಟೆ, ಗುಂಡಗಿನ ದೊಡ್ಡ ಕಣ್ಣು, ಮೈಯಷ್ಟೇ ಉದ್ದದ ಬಾಲ. ತೂಕ ಹೆಚ್ಚೆಂದರೆ ಒಂದೂವರೆ ನೂರು ಗ್ರಾಂ. ಆದರೆ ಅಳಿಲಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅದು ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿಯನ್ನು ಬೆಳೆಸುವ ವರ್ಗಕ್ಕೆ ಸೇರಿದ್ದು. ಆಸ್ಟ್ರೇಲಿಯ, ನ್ಯೂಗಿನಿ ಮತ್ತು ಸುತ್ತಣ ದ್ವೀಪಗಳು ಅದರ ತವರು. ಮುಂಗಾಲಿನಿಂದ ಹಿಂಗಾಲಿನವರೆಗೆ ಮೈಯ ಎರಡು ಪಕ್ಕಗಳಲ್ಲೂ ತೆಳುವಾದ ಚರ್ಮದ ಪೊರೆಯಿದೆ. ಅದನ್ನು ಹರಡಿಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ಐವತ್ತು ಮೀಟರಿನಷ್ಟು ದೂರ ತೇಲಿಹೋಗಬಲ್ಲುದು. ಗಿರಾಕಿಗಳು ಇದನ್ನು ಕಂಡು “ನಮ್ಮ ಕಾಡಿನ ಹಾರುಬೆಕ್ಕಿನ ಮರಿಯಲ್ಲವೇ?” ಎಂದು ಕೇಳುವುದುಂಟು. ಅಲ್ಲ. ಪಶ್ಚಿಮ ಘಟ್ಟದ ಹಾರುಬೆಕ್ಕು ನಿಜವಾದ ಅಳಿಲಿನ ಜಾತಿ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿದ್ದು, ಹಿಡಿದು ಸಾಕುವುದು ಅಪರಾಧ. ಮರದಿಂದ ಮರಕ್ಕೆ ತೇಲುವ ಉಪಾಯವನ್ನು ಎರಡು ಬೇರೆ ಬೇರೆ ವಂಶಗಳು, ಎರಡು ಬೇರೆ ಬೇರೆ ಭೂಖಂಡಗಳಲ್ಲಿ, ತಾವು ತಾವೇ ಕಂಡುಕೊಂಡಿವೆ, ಅಷ್ಟೆ.

ಶುಗರ್ ಗ್ಲೈಡರ್ ರಾತ್ರಿಯ ಜೀವಿ. ನೀಲಗಿರಿ ಜಾತಿಯ ಮರಗಳ ರಸ, ಜಾಲಿಯ ಬಳಗದ ಮರಗಳ ಗೋಂದು, ಹೂವಿನ ಮಕರಂದ, ಹುಳುಹುಪ್ಪಟೆ ಇವು ಅದರ ಆಹಾರ. ಹಗಲು ಮರದ ಪೊಟರೆಯಲ್ಲಿ ಆರೇಳು ಪ್ರಾಣಿಗಳು ಒಂದಕ್ಕೊಂದು ಅಂಟಿಕೊಂಡು ಮಲಗುತ್ತವೆ. ಈ ಪೊಟರೆಯೊಳಗಿನ ಹಾಸಿಗೆಯನ್ನು ಅವು ತಾವೇ ಮಾಡಿಕೊಳ್ಳುತ್ತವೆ. ಹಿಂಗಾಲುಗಳಿಂದ ಕೊಂಬೆಗೆ ಜೋತುಬಿದ್ದು, ಮುಂಗೈಗಳಿಂದ ಎಲೆಗಳನ್ನು ಕಿತ್ತು, ಅವನ್ನು ಬಾಲಕ್ಕೆ ದಾಟಿಸಿ, ಬಾಲವನ್ನು ಸುರುಳಿ ಸುತ್ತಿ ಹೊರೆಯನ್ನು ಪೊಟರೆಗೆ ಸಾಗಿಸುತ್ತವೆ. ನಮ್ಮೂರಿನಲ್ಲಿ ಹೆಂಗಸರು ಸೊಪ್ಪಿನ ಹೊರೆ ಹೊತ್ತು ಬರುವುದನ್ನು ಕಂಡವನಾದ ನನಗೆ ಇದನ್ನು ಓದಿದಾಗ ಬಹಳ ಸಂತೋಷವಾಯಿತು.

ನೆಲಕ್ಕೆ ಇಳಿಯುವುದೆಂದರೆ ಅದಕ್ಕೆ ಹಗೆಗಳ ಬಾಯಿಗೆ ಇಳಿದಂತೆ. ಅದರ ಬದುಕೆಲ್ಲ ಮೇಲೆಯೇ. ತಟ್ಟೆಗೆ ಏನು ಹಾಸಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ಒಂದು ಅಂಶವನ್ನು ಮರೆಯಬಾರದು. ನಾವು ಮರೆತಿದ್ದೆವು.

ಮರೆಯಲು ಕಾರಣವೂ ಇದೆ. ನಮ್ಮ ಜನಕ್ಕೆ ಪ್ರಾಣಿಯ ಹಾಸು ಎಂದರೆ ತಟ್ಟನೆ ಹೊಳೆಯುವುದು ಕೊಟ್ಟಿಗೆ. ನಮ್ಮ ಮನೆಯ ಕೊಟ್ಟಿಗೆಗೆ ಅಮ್ಮ ದಿನವೂ ಸೊಪ್ಪು, ಬೇಸಗೆಯಲ್ಲಿ ದರಗು, ಹಾಸುತ್ತಾಳೆ. ದನ ಅದರ ಮೇಲೆಯೇ ಮಲಗುತ್ತದೆ, ಅದರ ಮೇಲೆಯೇ ಸಗಣಿ ಹಾಕುತ್ತದೆ, ಗಂಜಲ ಹೊಯ್ಯುತ್ತದೆ. ತುಳಿತುಳಿದು ಎಲ್ಲ ಬೆರೆತು ಕಡೆಗೆ ಗೊಬ್ಬರದ ಗುಂಡಿಯನ್ನು ಸೇರುತ್ತದೆ. ಕೋಳಿಫಾರಂಗಳಲ್ಲಿಯೂ ಹಾಗೆಯೇ. ಭತ್ತದ ಹೊಟ್ಟನ್ನು ದಪ್ಪವಾಗಿ ಹರಡುತ್ತಾರೆ. ಕೋಳಿಗಳು ಅದರ ಮೇಲೆ ನಡೆದಾಡಿ, ಕೆದಕಿ, ತಿರುವಿ ಹಾಕುತ್ತವೆ. ಅಲ್ಲಿ ಹಾಸಿಗೆಯೂ ಹೇಸಿಗೆಯನ್ನು ಹೀರುವ ವಸ್ತುವೂ ಒಂದೇ. ಶುಗರ್ ಗ್ಲೈಡರಿನ ಪಂಜರದಲ್ಲಿ ಇವೆರಡೂ ಬೇರೆಬೇರೆ. ಹಾಸಿಗೆ ಮೇಲೆ, ಪಂಜರದ ಎತ್ತರದ ಮೂಲೆಯಲ್ಲಿ ತೂಗುಬಿಟ್ಟ ಬಟ್ಟೆಯ ಚೀಲ. ಕೆಳಗಿನ ತಟ್ಟೆ ಬರಿಯ ಬಚ್ಚಲು. ಬಚ್ಚಲಿಗೆ ಮೆತ್ತೆ ಬೇಕಾಗಿಲ್ಲ.

ಆ ತಟ್ಟೆಗೆ ಬೀಳುವುದೂ ಕಡಮೆಯೇನಲ್ಲ. ಬೆಕ್ಕಿನಂತೆ ಒಂದು ಜಾಗವನ್ನು ಗೊತ್ತುಮಾಡಿಕೊಂಡು ಅಲ್ಲಿಯೇ ಮಲವಿಸರ್ಜನೆ ಮಾಡುವ ಅಭ್ಯಾಸ ಈ ಪ್ರಾಣಿಗೆ ಬರುವುದಿಲ್ಲ, ಓಡಾಡುತ್ತಲೇ ಮಾಡಿಬಿಡುತ್ತದೆ. ಹಣ್ಣನ್ನು ಕೊಟ್ಟರೆ ಜಗಿದು ರಸವನ್ನು ಹೀರಿ, ಸಿಪ್ಪೆಯನ್ನು ಸಣ್ಣ ಉಂಡೆಯಂತೆ ಉಗುಳುತ್ತದೆ. ಹುಳುವನ್ನು ತಿಂದರೆ ಅದರ ಗಟ್ಟಿ ಕವಚವನ್ನು ಕೆಳಗೆ ಬಿಸಾಡುತ್ತದೆ. ಜೇನು ಬೆರೆಸಿದ ಆಹಾರದ ಅಂಟು, ಬಾಟಲಿಯಿಂದ ತೊಟ್ಟಿಕ್ಕಿದ ನೀರು ಇವೂ ಸೇರಿ ಬೆಳಗಾಗುವಷ್ಟರಲ್ಲಿ ತಟ್ಟೆ ಒಂದು ಮದುವೆಮನೆಯ ಹಿತ್ತಲಿನಂತಾಗಿರುತ್ತದೆ.

ನಮ್ಮ ಅಂಗಡಿಯಲ್ಲಿ ಆ ತಟ್ಟೆಗೆ ಮರದ ಹೊಟ್ಟನ್ನು ತುಂಬುತ್ತಿದ್ದರು. ಮರ ಕೊಯ್ಯುವ ಮಿಲ್ಲಿನಿಂದ ಚೀಲಗಟ್ಟಲೆ ಬಿಟ್ಟಿಯಾಗಿ ಬರುತ್ತಿತ್ತು. ಎರಡು ಅಂಗುಲ ದಪ್ಪ ಹಾಕಿಬಿಟ್ಟರೆ ವಾರದವರೆಗೆ ತಟ್ಟೆಯತ್ತ ನೋಡಬೇಕಾಗಿರಲಿಲ್ಲ. ಒದ್ದೆಯಾದುದು ಕೆಳಗೆ ಇಳಿಯುತ್ತಿತ್ತು, ಮೇಲೆ ಒಣಗಿ ಚೊಕ್ಕಟವಾಗಿ ಕಾಣುತ್ತಿತ್ತು. ೨೦೨೪ರ ಜುಲೈ ತಿಂಗಳಲ್ಲಿ ಒಂದು ಜೋಡಿ ಬಂದಿತ್ತು. ಹತ್ತನೆಯ ದಿನ ಬೆಳಗ್ಗೆ ಹೆಣ್ಣು ಚೀಲದಿಂದ ಹೊರಗೆ ಬರಲಿಲ್ಲ. ಕೈಗೆತ್ತಿಕೊಂಡರೆ ಕಣ್ಣು ಒಳಸೇರಿದ್ದುವು. ಕತ್ತಿನ ಚರ್ಮವನ್ನು ಎತ್ತಿ ಬಿಟ್ಟರೆ ಹಾಗೆಯೇ ಡೇರೆಯಂತೆ ನಿಂತುಕೊಂಡಿತು. ಪಶುವೈದ್ಯರು ನೋಡಿ, ನಾಲ್ಕಾರು ದಿನದಿಂದ ಭೇದಿಯಾಗಿರಬೇಕು, ಮೈಯ ನೀರೆಲ್ಲ ಹೋಗಿದೆ ಎಂದರು. “ಮಲ ಹೇಗಿತ್ತು? ಯಾವಾಗಿನಿಂದ ನೀರಾಗಿತ್ತು?” ಎಂದು ನನ್ನನ್ನೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹೊಟ್ಟು ಎಲ್ಲವನ್ನೂ ಹೀರಿ ಮುಚ್ಚಿಟ್ಟಿತ್ತು. ಅಂದು ಸಂಜೆಯೇ ಅದು ಸತ್ತಿತು.

ಹೊಟ್ಟೇ ಅದನ್ನು ಕೊಂದಿತೆಂದು ನಾನು ಹೇಳುವುದಿಲ್ಲ. ಭೇದಿಗೆ ಬೇರೆ ಕಾರಣಗಳಿದ್ದಾವು. ಆದರೆ ನೂರು ಗ್ರಾಂ ತೂಕದ ಜೀವಿಗೆ ಒಂದು ದಿನದ ತಡ ಎಷ್ಟು ದೊಡ್ಡದೆಂಬುದು ಅಂದು ತಿಳಿಯಿತು. ಅನಂತರವೇ ನಾನು ಈ ವಿಷಯವನ್ನು ಓದತೊಡಗಿದ್ದು. ಕಾಲೇಜಿನ ಗ್ರಂಥಾಲಯದಲ್ಲಿ ಇದಕ್ಕೆ ಸಂಬಂಧಿಸಿದ ಪುಸ್ತಕ ಸಿಗಲಿಲ್ಲ; ಸಿಕ್ಕಿದ್ದೆಲ್ಲ ಮೊಬೈಲಿನಲ್ಲಿ, ಇಂಗ್ಲಿಷಿನಲ್ಲಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು.

ಹೊಟ್ಟಿನಲ್ಲಿ ಇನ್ನೊಂದು ದೋಷವೂ ಉಂಟೆಂದು ಆಗ ತಿಳಿಯಿತು. ೧೯೬೭ರಲ್ಲಿ ಎಲಿಯಟ್ ವೆಸೆಲ್ ಎಂಬ ಅಮೆರಿಕದ ವಿಜ್ಞಾನಿ, ಪ್ರಯೋಗಶಾಲೆಯ ಇಲಿಗಳಲ್ಲಿ ಒಂದು ವಿಚಿತ್ರವನ್ನು ಕುರಿತು ಬರೆದರು. ದೇವದಾರು, ಪೈನ್ ಮುಂತಾದ ಮೆದುಮರಗಳ ಸಿಪ್ಪೆಯ ಮೇಲೆ ಸಾಕಿದ ಇಲಿಗಳಿಗೆ ನಿದ್ರೆಯ ಔಷಧ ಕೊಟ್ಟರೆ ಅವು ಉಳಿದ ಇಲಿಗಳಿಗಿಂತ ಬೇಗ ಎಚ್ಚರಗೊಳ್ಳುತ್ತಿದ್ದುವು. ಆ ಮರಗಳಿಂದ ಹೊರಡುವ ಪರಿಮಳದ ಆವಿ ಇಲಿಗಳ ಮೈ ಸೇರಿ, ಔಷಧಗಳನ್ನು ಒಡೆದುಹಾಕುವ ಪಿತ್ತಜನಕಾಂಗದ ಕಿಣ್ವಗಳನ್ನು ಹೆಚ್ಚಿಸಿತ್ತು. ಬೀಚ್, ಬರ್ಚ್, ಮೇಪಲ್ ಎಂಬ ಗಟ್ಟಿಮರಗಳ ಸಿಪ್ಪೆಯಿಂದ ಹಾಗಾಗಲಿಲ್ಲ. ಎಂದರೆ, ನಮಗೆ ಹಿತವೆನಿಸುವ ಮರದ ಸುವಾಸನೆ ಪ್ರಾಣಿಯ ಒಳಗೆ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಆದುದರಿಂದ ದೇವದಾರು, ಪೈನ್ ಸಿಪ್ಪೆಗಳನ್ನು ಸಣ್ಣ ಪ್ರಾಣಿಗಳಿಗೆ ಹಾಕಬಾರದೆಂದು ಹೇಳುತ್ತಾರೆ. ಹಾಕಲೇಬೇಕಾದರೆ ಅಮೆರಿಕದಲ್ಲಿ ಆಸ್ಪೆನ್ ಎಂಬ ವಾಸನೆಯಿಲ್ಲದ ಮರದ ಸಿಪ್ಪೆಯನ್ನು ಬಳಸುತ್ತಾರೆ.

ನಮ್ಮ ಮಿಲ್ಲಿನ ಹೊಟ್ಟು ಯಾವ ಮರದ್ದೆಂದು ಕೇಳಿದರೆ ಮಿಲ್ಲಿನವರಿಗೂ ಗೊತ್ತಿರುವುದಿಲ್ಲ. ಬೆಳಗ್ಗೆ ತೇಗ, ಮಧ್ಯಾಹ್ನ ಅಕೇಶಿಯ, ಸಂಜೆ ಹೊರದೇಶದಿಂದ ಬಂದ ಪೈನ್. ಹುಳು ಹಿಡಿಯದಂತೆ ಔಷಧ ಹೊಡೆದ ಹಲಗೆಯಿದ್ದೀತು, ಅಂಟು ಹಾಕಿದ ಪ್ಲೈವುಡ್ ಇದ್ದೀತು. ಎಲ್ಲದರ ಪುಡಿಯೂ ಒಂದೇ ಗುಡ್ಡೆ. ಇದಲ್ಲದೆ ಅದರ ಸಣ್ಣ ಧೂಳು. ಚೀಲ ಬಿಚ್ಚಿ ಸುರಿಯುವಾಗ ನನಗೇ ಸೀನು ಬರುತ್ತಿತ್ತು.

ಉಳಿದ ಸಾಮಗ್ರಿಗಳ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ಭತ್ತದ ಹೊಟ್ಟಿನಲ್ಲಿ ಧೂಳು ಬಹಳ, ಅಂಚು ಚೂಪು. ತೆಂಗಿನ ನಾರಿನ ಪುಡಿ ನೀರನ್ನು ಚೆನ್ನಾಗಿಯೇ ಹೀರುತ್ತದೆ, ಆದರೆ ಕಂದುಬಣ್ಣದಲ್ಲಿ ಏನೂ ಕಾಣದು. ಜೋಳದ ದಂಟಿನ ನುಚ್ಚು ಒದ್ದೆಯಾದರೆ ಬೂಸಲು ಹಿಡಿಯುತ್ತದೆ. ಬೆಕ್ಕಿಗಾಗಿ ಮಾರುವ, ಒದ್ದೆಯಾದೊಡನೆ ಗಡ್ಡೆಕಟ್ಟುವ ಜೇಡಿಮಣ್ಣಿನ ಹರಳು ಎಲ್ಲಕ್ಕಿಂತ ಕೆಟ್ಟದ್ದು. ತಟ್ಟೆಯಲ್ಲಿ ಗಡ್ಡೆಕಟ್ಟುವುದು ಹೊಟ್ಟೆಯಲ್ಲಿಯೂ ಗಡ್ಡೆಕಟ್ಟೀತು. ಕಾಗದದ ತಿರುಳನ್ನು ಒತ್ತಿ ಮಾಡಿದ ಗುಳಿಗೆಗಳು ನಿರಪಾಯಕರ, ಬೆಲೆ ಮಾತ್ರ ನಮ್ಮಂಥವರದಲ್ಲ.

ಹಾಗಾದರೆ ಯಾವುದು? ಹಳೆಯ ಪತ್ರಿಕೆಯೇ ಸಾಕೆಂಬುದು ನನ್ನ ಅಭಿಪ್ರಾಯ. ಇದು ಬಡತನದ ಉಪಾಯವೆಂದು ತಿಳಿಯಬೇಡಿ. ಹಣವಿದ್ದವನಿಗೂ ನಾನು ಇದನ್ನೇ ಹೇಳುತ್ತೇನೆ. ಪತ್ರಿಕೆಯ ಹಾಳೆ ಬೇಗ ಒದ್ದೆಯಾಗುತ್ತದೆ. ಅದೇ ಅದರ ಗುಣ. ಒದ್ದೆಯಾದರೆ ಕಾಣುತ್ತದೆ, ಕಂಡರೆ ತೆಗೆಯಲೇಬೇಕಾಗುತ್ತದೆ. ನಾಲ್ಕು ಹಾಳೆಗಳನ್ನು ಒಂದರ ಮೇಲೊಂದು ಹರಡಿ, ಅಂಚುಗಳನ್ನು ತಟ್ಟೆಯ ಗೋಡೆಯ ಮೇಲಕ್ಕೆ ಎರಡು ಅಂಗುಲ ಮಡಿಸಬೇಕು. ಎಲ್ಲಕ್ಕಿಂತ ಮೇಲಿನದು ಅಚ್ಚಾಗದ ಬಿಳಿ ಹಾಳೆಯಾದರೆ ಉತ್ತಮ. ಮುದ್ರಣಾಲಯಗಳಲ್ಲಿ ಸುರುಳಿಯ ಕೊನೆಯ ತುಂಡುಗಳು ಉಳಿದಿರುತ್ತವೆ, ಕೇಳಿದರೆ ಕೊಡುತ್ತಾರೆ. ಭಾನುವಾರದ ಪುರವಣಿಯ ಹೊಳೆಯುವ ಹಾಳೆ ಮಾತ್ರ ಬೇಡ. ಅದರ ಮೇಲೆ ನೀರು ಕೆಸುವಿನೆಲೆಯ ಮೇಲೆ ನಿಂತಂತೆ ನಿಲ್ಲುತ್ತದೆ. ಉಳಿದಂತೆ, ಹಾಳೆಯಲ್ಲಿ ಯಾವ ಪಕ್ಷದ ಸುದ್ದಿಯಿದ್ದರೂ ಹೀರುವ ಶಕ್ತಿಯಲ್ಲಿ ವ್ಯತ್ಯಾಸವಿಲ್ಲವೆಂಬುದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ.

ತಟ್ಟೆಗೂ ಪಂಜರಕ್ಕೂ ನಡುವೆ ಸರಳಿನ ಜಾಲರಿ ಇರಬೇಕು. ಕಾಗದ ಪ್ರಾಣಿಯ ಕೈಗೆ ಎಟುಕಬಾರದು. ಎಟುಕಿದರೆ ಹರಿದು ಮೇಲಕ್ಕೆ ಒಯ್ಯುತ್ತದೆ. ಪೊಟರೆಗೆ ಎಲೆ ಹೊತ್ತ ಸ್ವಭಾವ ಎಲ್ಲಿ ಹೋದೀತು! ಒದ್ದೆಯಾದ ಕಾಗದ ಮಲಗುವ ಚೀಲವನ್ನು ಸೇರುವುದು ಒಳ್ಳೆಯದಲ್ಲ.

ಬೆಳಗ್ಗೆ ಹಾಳೆಯನ್ನು ತೆಗೆದೊಡನೆ ಮುದುರಿ ಎಸೆಯದೆ ಬೆಳಕಿಗೆ ಹಿಡಿದು ನೋಡಬೇಕು. ಆರೋಗ್ಯವಾಗಿರುವ ಪ್ರಾಣಿಯ ಹಿಕ್ಕೆ ಸಣ್ಣದಾಗಿ, ಕಪ್ಪಗೆ, ಗಟ್ಟಿಯಾಗಿರುತ್ತದೆ. ಮೆತ್ತಗಾಗಿ ಕಾಗದಕ್ಕೆ ಅಂಟಿದ್ದರೆ ಅಂದೇ ಗಮನಿಸತಕ್ಕದ್ದು. ಮೂತ್ರದ ಕಲೆಯಲ್ಲಿ ಕೆಂಪು ಛಾಯೆಯಿದ್ದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಕಲೆಗಳೇ ಇಲ್ಲದಿದ್ದರೆ ಅದೂ ಅಪಾಯದ ಸೂಚನೆಯೇ. ಉಗುಳಿದ ಹಣ್ಣಿನ ಉಂಡೆಗಳು ಬಿದ್ದಿರದಿದ್ದರೆ ರಾತ್ರಿ ಅದು ತಿಂದಿಲ್ಲವೆಂದು ಅರ್ಥ. ನಾವು ಮಲಗಿರುವಾಗ ಎಚ್ಚರವಿರುವ, ನಾವು ಎದ್ದಾಗ ಮಲಗಿರುವ ಪ್ರಾಣಿಯನ್ನು ಅರಿತುಕೊಳ್ಳಲು ನಮಗಿರುವುದು ಈ ಹಾಳೆಯೊಂದೇ. ವೈದ್ಯರು ಕೇಳಿದ ಪ್ರಶ್ನೆಗೆ ಈಗಾದರೆ ನಾನು ದಿನ, ಹೊತ್ತು ಸಹಿತ ಉತ್ತರ ಹೇಳಿಯೇನು.

ದಿನವೂ ಬದಲಿಸಬೇಕೆನ್ನಲು ಇನ್ನೂ ಒಂದು ಕಾರಣವಿದೆ. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಗಳು ಒಡೆದಾಗ ಅಮೋನಿಯ ಹುಟ್ಟುತ್ತದೆ. ಮಳೆಗಾಲದಲ್ಲಿ ಮುಚ್ಚಿದ ಕೊಟ್ಟಿಗೆಯ ಬಾಗಿಲು ತೆರೆದಾಗ ಕಣ್ಣುರಿಯುವುದು ಇದರಿಂದಲೇ. ಅಮೋನಿಯ ಗಾಳಿಗಿಂತ ಹಗುರವಾದುದು. ಹೊಟ್ಟಿನ ಅಡಿಯಲ್ಲಿ ವಾರವೆಲ್ಲ ಕೊಳೆತದ್ದರ ಆವಿ ಮೇಲಕ್ಕೇರಿದರೆ, ಮೇಲೆ ಮಲಗಿರುವವರು ಯಾರು?

ಕೆಲವರು ತಟ್ಟೆಗೆ ಫ್ಲೀಸ್ ಎಂಬ ಮೆತ್ತನೆಯ ಕೃತಕ ನೂಲಿನ ಬಟ್ಟೆಯನ್ನು ಅಳತೆಗೆ ಹೊಲಿಸಿ ಹಾಸುತ್ತಾರೆ. ಅಮೆರಿಕದಲ್ಲಿ ಇದು ಬಹಳ ಬಳಕೆಯಲ್ಲಿದೆ. ನೋಡಲು ಅಂದ, ಒಗೆದು ಮತ್ತೆ ಬಳಸಬಹುದು. ಆದರೆ ಈ ಬಟ್ಟೆ ತಾನು ನೀರನ್ನು ಹೀರುವುದಿಲ್ಲ, ಕೆಳಕ್ಕೆ ಬಿಡುತ್ತದೆ; ಅಡಿಯಲ್ಲಿ ಹೀರುವ ಪದರವೊಂದು ಬೇಕು. ಎರಡು ಮೂರು ಜೊತೆ ಇಟ್ಟುಕೊಂಡು, ವಾಸನೆಯ ಸೋಪು ಹಾಕದೆ ಒಗೆದು, ಬಿಸಿಲಿನಲ್ಲಿ ಒಣಗಿಸುವ ತಾಳ್ಮೆಯಿರುವವರಿಗೆ ಅಡ್ಡಿಯಿಲ್ಲ. ಮಳೆಗಾಲದಲ್ಲಿ ನಮ್ಮ ಅಂಗಿಯೇ ಮೂರು ದಿನ ಒಣಗದ ಊರಿನಲ್ಲಿ ಇದು ನಡೆಯುವ ಮಾತಲ್ಲ.

ಫ್ಲೀಸ್ ನಿಜವಾಗಿ ಬೇಕಾಗುವುದು ಮೇಲಿನ ಚೀಲಕ್ಕೆ. ಅದನ್ನು ಕತ್ತರಿಸಿದರೆ ಅಂಚಿನಲ್ಲಿ ನೂಲು ಬಿಡುವುದಿಲ್ಲ. ಈ ಗುಣದ ಬೆಲೆ ನಮಗೆ ತಿಳಿದದ್ದು ಹಳೆಯ ಟವೆಲಿನಿಂದ ಚೀಲ ಹೊಲಿದಾಗ. ಶುಗರ್ ಗ್ಲೈಡರಿನ ಹಿಂಗಾಲಿನ ಎರಡನೆಯ ಮೂರನೆಯ ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿದ್ದು, ಮೈಗೂದಲು ಬಾಚುವ ಹಣಿಗೆಯಂತೆ ಕೆಲಸ ಮಾಡುತ್ತವೆ. ಉಗುರುಗಳು ತೊಗಟೆಯನ್ನು ಹಿಡಿಯುವಂಥ ಕೊಕ್ಕೆಗಳು. ಟವೆಲಿನ ಸಣ್ಣ ಸಣ್ಣ ನೂಲಿನ ಕುಣಿಕೆಗಳಿಗೆ ಆ ಕೊಕ್ಕೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಹೊರಳಿ ಹೊರಳಿ ನೂಲು ಇನ್ನೂ ಬಿಗಿಯುತ್ತದೆ. ಉಳಿದಿದ್ದ ಗಂಡಿನ ಬೆರಳಿಗೆ ಹೀಗೆ ಸುತ್ತಿಕೊಂಡ ನೂಲನ್ನು ಉಗುರುಕತ್ತರಿಯಿಂದ ಬಿಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಅದು ಕಚ್ಚಿದ ಗುರುತು ಹೆಬ್ಬೆರಳಿನ ಮೇಲೆ ಈಗಲೂ ಇದೆ. ಚೀಲದ ಹೊಲಿಗೆ ಬಟ್ಟೆಯ ಮಡಿಕೆಯೊಳಗೆ ಮರೆಯಾಗಿರಬೇಕು. ವಾರಕ್ಕೊಮ್ಮೆ ಒಳಮೈಯನ್ನು ಹೊರಗೆ ತಿರುಗಿಸಿ ಬಿಟ್ಟ ನೂಲಿದೆಯೇ ಎಂದು ನೋಡಬೇಕು. ಹೊಲಿಗೆಯಿಲ್ಲದ ಬಟ್ಟೆಯ ಚೂರುಗಳನ್ನು ಒಳಗೆ ತುಂಬಿದರೆ ಅವು ತಮಗೆ ಬೇಕಾದಂತೆ ಗೂಡು ಕಟ್ಟಿಕೊಳ್ಳುತ್ತವೆ.

ಚೊಕ್ಕಟದ ಹುಚ್ಚಿನಿಂದಲೂ ತೊಂದರೆಯಾಗುತ್ತದೆ. ಈ ಪ್ರಾಣಿಗಳು ಒಂದನ್ನೊಂದು ಗುರುತಿಸುವುದು ವಾಸನೆಯಿಂದ. ಬೆಳೆದ ಗಂಡಿನ ನೆತ್ತಿಯ ಮೇಲೆ ಕೂದಲಿಲ್ಲದ ಒಂದು ಬೋಳು ಗುರುತಿದೆ. ಅದು ವಾಸನೆಯ ಗ್ರಂಥಿ. ಎದೆಯ ಮೇಲೂ ಒಂದಿದೆ. ಅವನ್ನು ಗುಂಪಿನವರಿಗೂ ಗೂಡಿಗೂ ಉಜ್ಜಿ ಇದು ನಮ್ಮ ಮನೆಯೆಂದು ಬರೆದಿಡುತ್ತದೆ. ಚೀಲ, ತಟ್ಟೆ, ಪಂಜರ ಎಲ್ಲವನ್ನೂ ಒಂದೇ ದಿನ ತೊಳೆದರೆ ಆ ಬರಹವೆಲ್ಲ ಅಳಿಸಿಹೋಗಿ ಪ್ರಾಣಿ ಗಾಬರಿಗೊಳ್ಳುತ್ತದೆ, ಹಿಂದಿಗಿಂತ ಹೆಚ್ಚಾಗಿ ಗುರುತು ಹಾಕತೊಡಗುತ್ತದೆ. ತಟ್ಟೆಯ ಕಾಗದ ದಿನವೂ, ಚೀಲ ವಾರಕ್ಕೊಮ್ಮೆ, ಪಂಜರ ಬೇರೊಂದು ದಿನ ಎಂದು ಹಂಚಿಕೊಳ್ಳುವುದು ಲೇಸು. ಮರಿಯಿದ್ದಾಗ ಇನ್ನೂ ಎಚ್ಚರ ಬೇಕು. ಗರ್ಭದಲ್ಲಿ ಸುಮಾರು ೧೬ ದಿನ ಮಾತ್ರ ಇದ್ದು, ಅಕ್ಕಿಯ ಕಾಳಿನಷ್ಟು ಹುಟ್ಟುವ ಮರಿ ತಾಯಿಯ ಹೊಟ್ಟೆಯ ಚೀಲದಲ್ಲಿ ಸುಮಾರು ೭೦ ದಿನ ಬೆಳೆದು ಆಮೇಲೆ ಗೂಡಿಗೆ ಬರುತ್ತದೆ. ಆ ವಾರಗಳಲ್ಲಿ ಮಲಗುವ ಚೀಲವನ್ನು ಮುಟ್ಟದಿರುವುದೇ ಒಳ್ಳೆಯದು.

ತಟ್ಟೆಯನ್ನು ತೊಳೆಯಲು ಬಿಸಿನೀರು, ಸ್ವಲ್ಪ ವಿನೆಗರ್ ಸಾಕು. ನಮ್ಮಲ್ಲಿ ಯಾವುದಕ್ಕೂ ಫಿನಾಯಿಲ್ ಸುರಿಯುವ ರೂಢಿಯಿದೆ. ಅದರ ಘಾಟು ಮುಚ್ಚಿದ ಪಂಜರಕ್ಕೆ ತಕ್ಕುದಲ್ಲ. ಬ್ಲೀಚಿಂಗ್ ಪುಡಿಯನ್ನು ಮೂತ್ರದ ತಟ್ಟೆಗೆ ಹಾಗೆಯೇ ಹಾಕಲೇಬಾರದು. ಅದು ಅಮೋನಿಯದೊಡನೆ ಕೂಡಿದರೆ ಉಸಿರುಕಟ್ಟಿಸುವ ವಿಷಾನಿಲ ಏಳುತ್ತದೆ, ತೊಳೆಯುವವನಿಗೂ ಅಪಾಯ.

ಕಾಗದದ ಮಾತನ್ನು ಅಂಗಡಿಯ ಯಜಮಾನರ ಮುಂದೆ ಎತ್ತಿದಾಗ ಅವರು ಒಪ್ಪಲಿಲ್ಲ. “ಹೊಟ್ಟು ಬಿಟ್ಟಿ ಬರುತ್ತೆ ಮಾರಾಯ, ಪೇಪರಿಗೆ ಕಿಲೋ ಲೆಕ್ಕ. ಮೇಲಾಗಿ ದಿನಾ ಯಾರು ಬದಲಿಸ್ತಾರೆ?” ಎಂದರು. ನಾನು ಬದಲಿಸುತ್ತೇನೆ ಸಾರ್ ಎಂದೆ. ಒಂದು ತಿಂಗಳು ನೋಡೋಣವೆಂದರು. ಹಾಸ್ಟೆಲಿನ ವಾಚನಾಲಯದ ಹಳೆಯ ಪತ್ರಿಕೆಗಳನ್ನು ವಾರ್ಡನ್ನರ ಅನುಮತಿಯಿಂದ ತಂದೆ. ತಿಂಗಳು ಕಳೆಯಿತು, ಯಜಮಾನರು ಹೊಟ್ಟಿನ ಮಾತನ್ನು ಮತ್ತೆ ಎತ್ತಲಿಲ್ಲ. ಈಚೆಗೆ ಕೊಳ್ಳಲು ಬಂದವರೊಬ್ಬರಿಗೆ, ಈ ಪ್ರಾಣಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಅಷ್ಟು ವರ್ಷ ದಿನವೂ ತಟ್ಟೆ ತೆಗೆಯುವವರು ಮನೆಯಲ್ಲಿದ್ದಾರೆಯೇ ಎಂದು ಅವರೇ ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಬಂದವರು ಯೋಚಿಸಿ ಹೇಳುತ್ತೇವೆಂದು ಹೊರಟುಹೋದರು. ವ್ಯಾಪಾರ ತಪ್ಪಿದ್ದಕ್ಕೆ ಯಜಮಾನರು ನನ್ನ ಕಡೆಗೊಮ್ಮೆ ನೋಡಿದರು, ಆದರೆ ಏನೂ ಅನ್ನಲಿಲ್ಲ.

ಪರೀಕ್ಷೆ ಹತ್ತಿರವಾದುದರಿಂದ ಮುಂದಿನ ತಿಂಗಳು ನಾನು ಕೆಲಸ ಬಿಡುತ್ತೇನೆ. ನನ್ನ ಬದಲಿಗೆ ಪಿ.ಯು.ಸಿ. ಓದುವ ಹುಡುಗನೊಬ್ಬ ಬಂದಿದ್ದಾನೆ, ಅವನಿಗೆ ಕೆಲಸ ತೋರಿಸುತ್ತಿದ್ದೇನೆ. ಮೊದಲ ದಿನ ಅವನು ಮೂಗು ಮುಚ್ಚಿಕೊಂಡು ಹಾಳೆಯನ್ನು ಮುದುರಿ ಬುಟ್ಟಿಗೆ ಎಸೆದ. ಅದನ್ನು ಅವನಿಂದಲೇ ಹೊರಗೆ ತೆಗೆಸಿ, ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಹಿಕ್ಕೆ ಗಟ್ಟಿಯಾಗಿತ್ತು. ಪರಂಗಿಹಣ್ಣಿನ ಸಿಪ್ಪೆಯುಂಡೆಗಳು ಒಂಬತ್ತು ಇದ್ದುವು.